ಮೀನಿನ ಮೇವಿಗೆ ಪ್ರಿಬಯಾಟಿಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೇವಿನ ಚೀಲದ ಮೇಲೆ ಈಗೀಗ "ಪ್ರಿಬಯಾಟಿಕ್ ಸೇರಿಸಲಾಗಿದೆ" ಅನ್ನುವ ಸಾಲು ಜಾಸ್ತಿ ಕಾಣಿಸುತ್ತಿದೆ. ಪ್ರಶ್ನೆಗಳೂ ಅಷ್ಟೇ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಬರೆದು ಸಾಕಾಗಿ ಎಲ್ಲವನ್ನೂ ಇಲ್ಲೇ ಹಾಕಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಔಷಧಿ ಅಲ್ಲ, ಮೇವು. ಅದೂ ಮೀನಿಗೆ ಹಾಕುವ ಮೇವಲ್ಲ, ಮೀನಿನ ಕರುಳಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳಿಗೆ ಹಾಕುವ ಮೇವು.

ಪ್ರಿಬಯಾಟಿಕ್ ಅಂದರೆ ನಿಜಕ್ಕೂ ಏನು?

ಮೀನಿಗೆ ಜೀರ್ಣವಾಗದ, ಆದರೆ ಅದರ ಕರುಳಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಜೀರ್ಣವಾಗುವ ಪದಾರ್ಥ. ಹೆಚ್ಚಿನವು ಸಕ್ಕರೆಯ ಕಣಗಳು ಸರಪಳಿಯಂತೆ ಸೇರಿ ಆದವು. ಇನ್ಯುಲಿನ್ ತೆಗೆದುಕೊಳ್ಳಿ. ಚಿಕೋರಿ ಗಿಡದ ಬೇರಿನಿಂದ ತೆಗೆಯುತ್ತಾರೆ. ಫ್ರಕ್ಟೋಸ್ ಸಕ್ಕರೆಯ ಸರಪಳಿ ಅದು. ಒಂದೊಂದು ಸರಪಳಿಯಲ್ಲಿ ಎರಡರಿಂದ ಹಿಡಿದು ಸುಮಾರು 60ರವರೆಗೆ ಕೊಂಡಿಗಳಿರುತ್ತವೆ, ಆ ಕೊಂಡಿಗಳನ್ನು ಬಿಚ್ಚುವ ಕಿಣ್ವ ಮೀನಿನ ಹತ್ತಿರ ಇಲ್ಲ. ಹಾಗಾಗಿ ಅದು ಜೀರ್ಣವಾಗದೆ ಹಿಂಗರುಳಿನವರೆಗೂ ಹೋಗುತ್ತದೆ. ಅಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾಗಳು ಅದನ್ನು ಬಿಚ್ಚಿಕೊಂಡು ತಿನ್ನುತ್ತವೆ.

ಈ ಹೆಸರು ಕೊಟ್ಟವರು ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರೋಬರ್‌ಫ್ರಾಯ್ಡ್, 1995ರಲ್ಲಿ. ಅವರು ಮಾತಾಡುತ್ತಿದ್ದದ್ದು ಮನುಷ್ಯರ ದೊಡ್ಡ ಕರುಳಿನ ಬಗ್ಗೆ. ಮೀನು ಆಮೇಲೆ ಬಂತು. ಈ ವಿಷಯದ ಅರ್ಧ ಗೊಂದಲ ಹುಟ್ಟಿರುವುದೇ ಇಲ್ಲಿಂದ ಅಂತ ನನ್ನ ಅನಿಸಿಕೆ.

ಪ್ರೋಬಯಾಟಿಕ್ ಬೇರೆ, ಪ್ರಿಬಯಾಟಿಕ್ ಬೇರೆನಾ?

ಬೇರೆ. ಪ್ರೋಬಯಾಟಿಕ್ ಅಂದರೆ ಜೀವಂತ ಬ್ಯಾಕ್ಟೀರಿಯಾ ಅಥವಾ ಯೀಸ್ಟ್. ಪ್ರಿಬಯಾಟಿಕ್‌ಗೆ ಜೀವ ಇಲ್ಲ. ಜೀವ ಇಲ್ಲದ್ದರಿಂದ ಒಂದು ಅನುಕೂಲವೂ ಇದೆ: ಪೆಲೆಟ್ (ಮೇವಿನ ಗುಳಿಗೆ) ತಯಾರಿಸುವ ಯಂತ್ರದ ಬಿಸಿಗೆ ಸಾಯುವ ಭಯ ಇಲ್ಲ, ಗೋದಾಮಿನಲ್ಲಿ ಇಟ್ಟರೂ ಪರವಾಗಿಲ್ಲ. ಆದರೆ ಅದಕ್ಕೆ ತಿನ್ನುವವರು ಒಳಗೆ ಮೊದಲೇ ಇರಬೇಕು. ಕರುಳಲ್ಲಿ ಇಲ್ಲದ ಬ್ಯಾಕ್ಟೀರಿಯಾವನ್ನು ಪ್ರಿಬಯಾಟಿಕ್ ಹುಟ್ಟಿಸುವುದಿಲ್ಲ.

ಮೀನಿನ ಕರುಳಲ್ಲಿ ಅಷ್ಟೊಂದು ಬ್ಯಾಕ್ಟೀರಿಯಾ ಇರುತ್ತವಾ? ಯಾವುವು?

ಇರುತ್ತವೆ, ಮತ್ತು ಮೀನಿಗೆ ಅವು ಬೇಕೇ ಬೇಕು. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಜೀಬ್ರಾಫಿಶ್ ಮರಿಗಳನ್ನು ಒಂದೂ ಬ್ಯಾಕ್ಟೀರಿಯಾ ಸೋಕದಂತೆ ಬೆಳೆಸಿ ನೋಡಿದರು. ಕರುಳಿನ ಒಳಪದರದ ಜೀವಕೋಶಗಳು ಹೊಸದಾಗಿ ಹುಟ್ಟುವ ವೇಗವೇ ಅವುಗಳಲ್ಲಿ ಕಡಿಮೆಯಾಗಿತ್ತು. ಕರುಳು ಸರಿಯಾಗಿ ಕರುಳಾಗಿ ಬೆಳೆಯುವುದಕ್ಕೂ ಬ್ಯಾಕ್ಟೀರಿಯಾ ಬೇಕು ಅಂತಾಯಿತು, ಅಲ್ವಾ.

ಯಾವುವು ಅನ್ನುವುದು ಮೀನಿನ ಮೇಲೆ ಹೋಗುತ್ತದೆ. ಸಿಹಿನೀರಿನ ಗೆಂಡೆ, ತಿಲಾಪಿಯಾಗಳಲ್ಲಿ ಸೆಟೋಬ್ಯಾಕ್ಟೀರಿಯಂ ಅನ್ನುವುದು ತುಂಬಾ ಸಿಗುತ್ತದೆ. ಅದು ವಿಟಮಿನ್ ಬಿ12 ತಯಾರಿಸುತ್ತದೆ. ತಿಲಾಪಿಯಾಗೆ ಮೇವಿನಲ್ಲಿ ಬಿ12 ಬೇರೆಯಾಗಿ ಬೇಕಾಗಿಲ್ಲ ಅನ್ನುತ್ತಾರಲ್ಲ, ಕಾರಣ ಕರುಳೊಳಗಿನ ಈ ಕಾರ್ಖಾನೆ. ಸಾಕಿದ ಸಾಲ್ಮನ್‌ನಲ್ಲಿ ಮೈಕೋಪ್ಲಾಸ್ಮಾ ಜಾತಿಯವು ಜಾಸ್ತಿ. ಸಮುದ್ರದ ಮೀನುಗಳಲ್ಲಿ ವಿಬ್ರಿಯೋ ಸಾಮಾನ್ಯ. ಏರೊಮೊನಾಸ್, ಸ್ಯೂಡೊಮೊನಾಸ್ ಕೂಡ ಬಹಳ ಕಡೆ ಇವೆ. ಹೆಸರು ಕೇಳಿ ಗಾಬರಿಯಾಗಬೇಡಿ. ರೋಗ ತರುವ ಏರೊಮೊನಾಸ್ ಇದ್ದಹಾಗೆ ಸುಮ್ನೆ ತನ್ನ ಪಾಡಿಗೆ ಬದುಕುವ ಏರೊಮೊನಾಸೂ ಇವೆ. ನೀರು ಕೆಟ್ಟು, ಮೀನು ಸೊರಗಿದಾಗ ಲೆಕ್ಕ ತಲೆಕೆಳಗಾಗುತ್ತದೆ.

ಲ್ಯಾಕ್ಟೋಬ್ಯಾಸಿಲಸ್ ತರಹದ ಹುಳಿ ಮಾಡುವ ಬ್ಯಾಕ್ಟೀರಿಯಾಗಳೂ ಇವೆ, ಆದರೆ ಹೆಚ್ಚಾಗಿ ಸಣ್ಣ ಪಾಲು. ಮನುಷ್ಯರ ಪ್ರಿಬಯಾಟಿಕ್ ಕಥೆಯ ನಾಯಕ ಬಿಫಿಡೋಬ್ಯಾಕ್ಟೀರಿಯಂ ಮೀನಿನಲ್ಲಿ ಅಪರೂಪ.

ಹಾಗಾದರೆ ಮನುಷ್ಯರಿಗಾಗಿ ಮಾಡಿದ ಪ್ರಿಬಯಾಟಿಕ್ ಮೀನಿಗೆ ಹೇಗೆ ಕೆಲಸ ಮಾಡುತ್ತದೆ?

ಒಳ್ಳೆಯ ಪ್ರಶ್ನೆ. ಕೆಲವು ಸಲ ಮಾಡುವುದಿಲ್ಲ, ಅದೇ ಉತ್ತರ.

ನಮ್ಮ ಮೈ ಯಾವಾಗಲೂ 37 ಡಿಗ್ರಿ. ನಾವು ತಿಂದದ್ದು ದೊಡ್ಡ ಕರುಳಲ್ಲಿ ಗಂಟೆಗಟ್ಟಲೆ ನಿಂತು ನಿಧಾನವಾಗಿ ಹುದುಗುತ್ತದೆ. ಮೀನಿನ ಮೈ ಬಿಸಿ ಎಷ್ಟು? ನೀರಿನ ಬಿಸಿ ಎಷ್ಟೋ ಅಷ್ಟು. ಟ್ರೌಟ್ 12 ಡಿಗ್ರಿ ನೀರಲ್ಲಿದ್ದರೆ ಅದರ ಕರುಳಿನ ಬ್ಯಾಕ್ಟೀರಿಯಾಗಳೂ 12 ಡಿಗ್ರಿಯಲ್ಲೇ ಕೆಲಸ ಮಾಡಬೇಕು. ಜೊತೆಗೆ ಮಾಂಸ ತಿನ್ನುವ ಮೀನುಗಳ ಕರುಳು ಗಿಡ್ಡ, ಸಾಮಾನ್ಯವಾಗಿ ಮೈಯ ಉದ್ದಕ್ಕಿಂತ ಕಡಿಮೆ. ಹುದುಗುವುದಕ್ಕೆ ಜಾಗವೂ ಕಡಿಮೆ. ಪಾಚಿ, ಸೊಪ್ಪು ತಿನ್ನುವ ಮೀನುಗಳ ಕಥೆ ಬೇರೆ. ತಿಲಾಪಿಯಾದ ಕರುಳು ಬಿಚ್ಚಿ ನೋಡಿದ್ದೀರಾ? ಕಾಫಿ ಸೋಸುವ ಸಣ್ಣ ಬಟ್ಟೆಯಷ್ಟು ಹೊಟ್ಟೆಯೊಳಗೆ ದಾರದ ಉಂಡೆಯಂತೆ ಸುರುಳಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಎಳೆದಷ್ಟೂ ಬರುತ್ತದೆ, ಮೀನಿನ ಮೈಗಿಂತ ಎಷ್ಟೋ ಪಟ್ಟು ಉದ್ದ. ಗೆಂಡೆಗೆ ಜಠರವೇ ಇಲ್ಲ, ಗಂಟಲು ಮುಗಿದರೆ ಕರುಳೇ ಶುರು. ಇಷ್ಟೆಲ್ಲ ವ್ಯತ್ಯಾಸ ಇಟ್ಟುಕೊಂಡು "ಮೀನಿಗೆ ಪ್ರಿಬಯಾಟಿಕ್ ಒಳ್ಳೆಯದಾ" ಅಂತ ಕೇಳಿದರೆ, ಯಾವ ಮೀನಿಗೆ ಅಂತ ನಾನು ತಿರುಗಿ ಕೇಳಲೇಬೇಕಾಗುತ್ತದೆ.

ಕರುಳಿನೊಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಿ.

ಬ್ಯಾಕ್ಟೀರಿಯಾಗಳು ಆ ಸಕ್ಕರೆ ಸರಪಳಿ ತಿಂದು ಸಣ್ಣ ಸಣ್ಣ ಆಮ್ಲಗಳನ್ನು ಹೊರಗೆ ಬಿಡುತ್ತವೆ. ಮುಖ್ಯವಾಗಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಇವುಗಳನ್ನು ಕರುಳಿನ ಜೀವಕೋಶಗಳು ಹೀರಿಕೊಂಡು ಶಕ್ತಿಯಾಗಿ ಬಳಸುತ್ತವೆ. ಬ್ಯುಟಿರೇಟ್ ಅಂತೂ ಕರುಳಿನ ಗೋಡೆಗೆ ಇಷ್ಟದ ಊಟ. ಆಮ್ಲ ಸೇರಿದ್ದರಿಂದ ಅಲ್ಲಿನ ವಾತಾವರಣ ಕೊಂಚ ಹುಳಿಯಾಗುತ್ತದೆ, ಹುಳಿ ತಡೆಯಲಾರದ ಬ್ಯಾಕ್ಟೀರಿಯಾಗಳಿಗೆ ಕಷ್ಟವಾಗುತ್ತದೆ. ಇನ್ನೊಂದು ಕಡೆ ಜಾಗದ ಜಗಳ. ಲೋಳೆಯ ಮೇಲೆ ಕೂರಲು ಇರುವ ಜಾಗ ಇಷ್ಟೇ, ಚೆನ್ನಾಗಿ ಊಟ ಸಿಕ್ಕ ಗುಂಪು ಮೊದಲು ಬಂದು ಕೂತರೆ ಆಮೇಲೆ ಬಂದ ರೋಗಾಣುವಿಗೆ ಸೀಟು ಸಿಗುವುದಿಲ್ಲ.

ಇದು ಪುಸ್ತಕದ ಚಿತ್ರ. ನಿಜವಾದ ಮೀನಿನಲ್ಲಿ ಇದರಲ್ಲಿ ಎಷ್ಟು ಭಾಗ ನಡೆಯುತ್ತದೆ ಅನ್ನುವುದು ಯಾವ ಮೀನು, ಯಾವ ಮೇವು, ಎಷ್ಟು ಬಿಸಿಯ ನೀರು ಅನ್ನುವುದರ ಮೇಲೆ ನಿಂತಿದೆ.

ಎಂಓಎಸ್ ಅಂತ ಬರೆದಿರುತ್ತಾರಲ್ಲ, ಅದೂ ಇದೇನಾ?

ಮನ್ನನ್ ಆಲಿಗೋಸ್ಯಾಕರೈಡ್. ಯೀಸ್ಟ್‌ನ ಹೊರಗೋಡೆಯಿಂದ ತೆಗೆದದ್ದು. ಇದರ ಕೆಲಸದ ರೀತಿ ಬೇರೆ, ಮತ್ತು ನನಗೆ ಇದು ಇನ್ಯುಲಿನ್‌ಗಿಂತ ಹೆಚ್ಚು ಇಷ್ಟ.

ಕೆಲವು ರೋಗಾಣುಗಳ ಮೈಮೇಲೆ ಸಣ್ಣ ಕೂದಲಿನಂಥ ಎಳೆಗಳಿರುತ್ತವೆ. ಅವುಗಳ ತುದಿಯಿಂದ ಕರುಳಿನ ಗೋಡೆಯ ಮೇಲಿರುವ ಮ್ಯಾನೋಸ್ ಸಕ್ಕರೆಯನ್ನು ಹಿಡಿದುಕೊಂಡು ಅಂಟಿಕೊಳ್ಳುತ್ತವೆ. ಎಂಓಎಸ್‌ನಲ್ಲಿರುವುದೂ ಅದೇ ಮ್ಯಾನೋಸ್. ರೋಗಾಣು ಮೋಸ ಹೋಗಿ ಗೋಡೆಯ ಬದಲು ಇದನ್ನೇ ಹಿಡಿದುಕೊಂಡು, ಕೊನೆಗೆ ಹಿಕ್ಕೆಯ ಜೊತೆ ಆಚೆ ಹೋಗುತ್ತದೆ. ಎಲ್ಲ ರೋಗಾಣುಗಳೂ ಹೀಗೆ ಅಂಟುವುದಿಲ್ಲ, ಹಾಗಾಗಿ ಎಲ್ಲದಕ್ಕೂ ಇದು ಮದ್ದಲ್ಲ. ಆದರೆ ಎಂಓಎಸ್ ತಿಂದ ಮೀನುಗಳಲ್ಲಿ ಕರುಳಿನ ಒಳಮಡಿಕೆಗಳು ಉದ್ದವಾಗಿ, ದಟ್ಟವಾಗಿ ಬೆಳೆದದ್ದನ್ನು ಹಲವು ಪ್ರಯೋಗಗಳಲ್ಲಿ ನೋಡಿದ್ದಾರೆ. 2007ರಲ್ಲಿ ಯುರೋಪಿನ ಸೀಬಾಸ್ ಮೀನಿಗೆ ಮೇವಿನಲ್ಲಿ 2 ಮತ್ತು 4 ಪ್ರತಿಶತ ಎಂಓಎಸ್ ಕೊಟ್ಟು, ಆಮೇಲೆ ವಿಬ್ರಿಯೋ ಸೋಂಕು ತಗುಲಿಸಿ ನೋಡಿದಾಗ ಸೋಂಕು ಕಡಿಮೆ ಕಂಡಿತು. ಬೆಳವಣಿಗೆಯೂ ಚೆನ್ನಾಗಿತ್ತು.

ಬೀಟಾ ಗ್ಲೂಕನ್?

ಅದೂ ಯೀಸ್ಟ್ ಗೋಡೆಯಿಂದಲೇ ಬರುತ್ತದೆ, ಆದರೆ ಅದರ ಮುಖ್ಯ ಕೆಲಸ ಮೀನಿನ ರೋಗನಿರೋಧಕ ಕೋಶಗಳನ್ನು ನೇರವಾಗಿ ಎಚ್ಚರಿಸುವುದು. ಬ್ಯಾಕ್ಟೀರಿಯಾಗೆ ಊಟ ಹಾಕುವುದು ಆಮೇಲಿನ ಮಾತು. ಒಂದೇ ಚೀಲದಲ್ಲಿ ಎರಡೂ ಇರುವುದರಿಂದ ಯಾವುದರಿಂದ ಏನಾಯಿತು ಅಂತ ಹೇಳುವುದು ಕಷ್ಟ.

ಎಷ್ಟು ಹಾಕಬೇಕು? ಜಾಸ್ತಿ ಹಾಕಿದರೆ ಜಾಸ್ತಿ ಲಾಭ ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಎಡವುವುದು.

ಸಾಮಾನ್ಯವಾಗಿ ಪ್ರಯೋಗಗಳಲ್ಲಿ ಬಳಸುವುದು ಮೇವಿನ ತೂಕದ 0.1ರಿಂದ 2 ಪ್ರತಿಶತದವರೆಗೆ. 0.5 ಪ್ರತಿಶತ ಅಂದರೆ 100 ಕಿಲೋ ಮೇವಿಗೆ ಅರ್ಧ ಕಿಲೋ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರ್ಕ್ಟಿಕ್ ಚಾರ್ ಅನ್ನುವ ತಣ್ಣೀರಿನ ಮೀನಿಗೆ 15 ಪ್ರತಿಶತ ಇನ್ಯುಲಿನ್ ಕೊಟ್ಟರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಿಂಗರುಳಿನ ಜೀವಕೋಶಗಳ ಒಳಗೆ ಪದರ ಪದರವಾದ ಗುಳ್ಳೆಗಳು ತುಂಬಿಕೊಂಡು ಕೋಶಗಳೇ ಹಾಳಾಗಿದ್ದವು. ಬ್ಯಾಕ್ಟೀರಿಯಾ ತಿಂದು ಮುಗಿಸಲಾಗದಷ್ಟು ಸಕ್ಕರೆ ಸರಪಳಿ ಬಂದು ಬಿದ್ದರೆ ಹೀಗಾಗುತ್ತದೆ. ತಮಾಷೆ ಏನೆಂದರೆ, ಕೆಲವು ವರ್ಷಗಳ ನಂತರ ಅಟ್ಲಾಂಟಿಕ್ ಸಾಲ್ಮನ್‌ಗೆ 7.5 ಪ್ರತಿಶತ ಕೊಟ್ಟಾಗ ಅಂಥ ಹಾನಿ ಕಾಣಲಿಲ್ಲ. ಬೆಲೂಗಾ ಸ್ಟರ್ಜನ್ ಮರಿಗಳಿಗೆ 1, 2, 3 ಪ್ರತಿಶತ ಅಂತ ಏರಿಸುತ್ತ ಹೋದಾಗಲೋ, ಇನ್ಯುಲಿನ್ ಏರಿದಂತೆ ಬೆಳವಣಿಗೆ ಇಳಿಯಿತು. ಒಂದು ಮೀನಿಗೆ ಹಿಡಿಸಿದ ಪ್ರಮಾಣ ಇನ್ನೊಂದಕ್ಕೆ ಹಿಡಿಸಬೇಕು ಅಂತ ಏನೂ ಇಲ್ಲ.

ನನ್ನನ್ನು ಕೇಳಿದರೆ ಕಡಿಮೆಯಿಂದ ಶುರು ಮಾಡಿ. ಚೀಲದ ಮೇಲೆ ಬರೆದಿರುವುದಕ್ಕಿಂತ ಜಾಸ್ತಿ ಹಾಕುವುದಕ್ಕೆ ಯಾವ ಕಾರಣವೂ ಇಲ್ಲ.

ಮೀನು ಬೇಗ ದಪ್ಪ ಆಗುತ್ತದಾ?

ಕೆಲವು ಪ್ರಯೋಗಗಳಲ್ಲಿ ಆಗಿದೆ. ಎಷ್ಟೋ ಪ್ರಯೋಗಗಳಲ್ಲಿ ಏನೂ ಆಗಿಲ್ಲ. ಟರ್ಬಟ್ ಮರಿಗಳಿಗೆ 2 ಪ್ರತಿಶತ ಆಲಿಗೋಫ್ರಕ್ಟೋಸ್ ಹಾಕಿದಾಗ ಬೆಳವಣಿಗೆ ಹೆಚ್ಚಿತ್ತು, ಅದೇ ಪ್ರಯೋಗದಲ್ಲಿ ಇನ್ಯುಲಿನ್ ಹಾಕಿದ ಮರಿಗಳಲ್ಲಿ ಆ ಫಲ ಇರಲಿಲ್ಲ. ಎರಡೂ ಫ್ರಕ್ಟೋಸ್ ಸರಪಳಿಗಳೇ, ಒಂದು ಗಿಡ್ಡ, ಇನ್ನೊಂದು ಉದ್ದ. ಅಷ್ಟೇ ವ್ಯತ್ಯಾಸಕ್ಕೆ ಫಲಿತಾಂಶ ಬದಲಾಯಿತು.

ಚೆನ್ನಾಗಿ ಬೆಳೆಯುತ್ತಿರುವ, ಒಳ್ಳೆಯ ನೀರಲ್ಲಿರುವ, ಒಳ್ಳೆಯ ಮೇವು ತಿನ್ನುವ ಮೀನಿಗೆ ಇದರಿಂದ ದೊಡ್ಡ ವ್ಯತ್ಯಾಸ ನಿರೀಕ್ಷಿಸಬೇಡಿ. ಅದರ ಕರುಳು ಆಗಲೇ ಸರಿಯಾಗಿದೆ. ಉಪಯೋಗ ಕಾಣುವುದು ಮರಿಗಳಲ್ಲಿ, ಮೇವು ಬದಲಿಸುವಾಗ, ಸಾಗಾಣಿಕೆಯ ಹಿಂದೆ ಮುಂದೆ, ಒತ್ತೊತ್ತಾಗಿ ಸಾಕುವ ಕಡೆ. ನೀವು ಲೆಕ್ಕ ಇಡಬೇಕಾದದ್ದು ತೂಕ ಒಂದನ್ನೇ ಅಲ್ಲ, ಎಷ್ಟು ಮೀನು ಸತ್ತವು ಅನ್ನುವುದನ್ನೂ.

ಹಾಕಿ ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ನಿಲ್ಲಿಸಿದರೆ?

ಬ್ಯಾಕ್ಟೀರಿಯಾಗಳ ಲೆಕ್ಕ ಕೆಲವು ದಿನಗಳಲ್ಲೇ ಬದಲಾಗಬಹುದು. ಕರುಳಿನ ಗೋಡೆಯಲ್ಲಿ, ತೂಕದಲ್ಲಿ ಏನಾದರೂ ಕಾಣಬೇಕಾದರೆ ವಾರಗಳು ಬೇಕು. ನಿಲ್ಲಿಸಿದರೆ ಊಟ ನಿಂತ ಬ್ಯಾಕ್ಟೀರಿಯಾಗಳು ಮತ್ತೆ ಹಳೆಯ ಲೆಕ್ಕಕ್ಕೆ ಬರುತ್ತವೆ. ಒಂದು ವಾರ ಹಾಕಿ "ಏನೂ ಆಗಲಿಲ್ಲ" ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಪುಡಿ ತಂದಿದ್ದೇನೆ. ಪೆಲೆಟ್ ಮೇಲೆ ಉದುರಿಸಿ ಹಾಕಬಹುದಾ?

ಒಂದು ಸಣ್ಣ ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಬೆಳಕಿಗೆ ಎದುರಾಗಿ ಇಡಿ. ಪುಡಿ ಉದುರಿಸಿದ ನಾಲ್ಕು ಪೆಲೆಟ್ ಹಾಕಿ. ನಾನು ಮೊದಲ ಸಲ ಮಾಡಿದಾಗ ಪೆಲೆಟ್ ಮುಳುಗುವ ಮೊದಲೇ ಅದರ ಮೈಯಿಂದ ಬಿಳಿ ಹೊಗೆಯಂತೆ ಎಳೆ ಎಳೆಯಾಗಿ ಕೆಳಗೆ ಇಳಿಯಿತು. ಅಷ್ಟೂ ಪುಡಿ ಮೀನಿನ ಬಾಯಿಗೆ ಹೋಗುವ ಬದಲು ನೀರಿಗೆ ಹೋಯಿತು. ಗಿಡ್ಡ ಸರಪಳಿಯ ಸಕ್ಕರೆಗಳು ನೀರಲ್ಲಿ ತುಂಬಾ ಬೇಗ ಕರಗುತ್ತವೆ. ಕರಗಿ ಸುಮ್ಮನಿರುವುದೂ ಇಲ್ಲ, ಕೊಳದ ನೀರಿನ ಬ್ಯಾಕ್ಟೀರಿಯಾಗಳಿಗೆ ಊಟವಾಗಿ ಅವು ಆಮ್ಲಜನಕ ಎಳೆಯುತ್ತವೆ.

ಹಾಕಲೇಬೇಕಾದರೆ ಸ್ವಲ್ಪ ನೀರಲ್ಲಿ ಕರಗಿಸಿ ಪೆಲೆಟ್ ಮೇಲೆ ಸಮವಾಗಿ ಸಿಂಪಡಿಸಿ, ಆರಿದ ಮೇಲೆ ಎಣ್ಣೆ ಸವರಿ, ಒಂದು ಹೊತ್ತು ಬಿಟ್ಟು ಹಾಕಿ. ಸ್ವಲ್ಪ ಸ್ವಲ್ಪವಾಗಿ, ಮೀನು ತಕ್ಷಣ ತಿಂದು ಮುಗಿಸುವಷ್ಟೇ ಎಸೆಯಿರಿ. ಮೇವು ತಯಾರಿಸುವಾಗಲೇ ಸೇರಿಸಿದ್ದಾದರೆ ಇಷ್ಟೆಲ್ಲ ತಲೆನೋವು ಇಲ್ಲ.

ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇನ್ಯುಲಿನ್ ಇದೆಯಂತಲ್ಲ. ಅರೆದು ಹಾಕಿದರೆ ಸಾಲದಾ?

ಇದೆ, ಸುಳ್ಳಲ್ಲ. ಆದರೆ ಹಸಿ ಬೆಳ್ಳುಳ್ಳಿ ಅರೆದಾಗ ಅದರಲ್ಲಿ ಅಲಿಸಿನ್ ಹುಟ್ಟುತ್ತದೆ. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುವ ಪದಾರ್ಥ. ಒಂದು ಕೈಯಲ್ಲಿ ಊಟ ಬಡಿಸಿ ಇನ್ನೊಂದು ಕೈಯಲ್ಲಿ ಹೊಡೆದಂತೆ. ಮೀನಿಗೆ ಬೆಳ್ಳುಳ್ಳಿ ಹಾಕಿ ಒಳ್ಳೆಯದಾದ ಉದಾಹರಣೆಗಳು ಇವೆ, ಆದರೆ ಅದನ್ನು ಪ್ರಿಬಯಾಟಿಕ್ ಲೆಕ್ಕಕ್ಕೆ ಬರೆಯಬೇಡಿ.

ಆಂಟಿಬಯಾಟಿಕ್ ಬದಲು ಇದನ್ನು ಬಳಸಬಹುದಾ?

ರೋಗ ಬಂದು ಮೀನು ಸಾಯುತ್ತಿರುವಾಗ ಖಂಡಿತ ಇಲ್ಲ. ಆಗ ಬೇಕಾದದ್ದು ಮೀನಿನ ವೈದ್ಯರು, ಸರಿಯಾದ ಪತ್ತೆ, ನೀರಿನ ಪರೀಕ್ಷೆ.

ಈ ಪ್ರಶ್ನೆ ಹುಟ್ಟಿದ್ದಕ್ಕೆ ಹಿನ್ನೆಲೆ ಇದೆ. ಹಿಂದೆ ಪ್ರಾಣಿಗಳು ಬೇಗ ಬೆಳೆಯಲಿ ಅಂತ ಮೇವಿಗೆ ಸಣ್ಣ ಪ್ರಮಾಣದಲ್ಲಿ ಆಂಟಿಬಯಾಟಿಕ್ ಸೇರಿಸುತ್ತಿದ್ದರು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟಿಕೊಳ್ಳುತ್ತವೆ ಅನ್ನುವ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಅದನ್ನು ಪೂರ್ತಿ ನಿಲ್ಲಿಸಿತು. ಆ ಖಾಲಿ ಜಾಗ ತುಂಬಲು ಏನು ಸಿಗುತ್ತದೆ ಅಂತ ಹುಡುಕುವಾಗ ಪ್ರಿಬಯಾಟಿಕ್‌ಗಳ ಮೇಲೆ ಎಲ್ಲರ ಕಣ್ಣು ಬಿತ್ತು. ರೋಗ ಬರುವ ಮೊದಲು ಕರುಳನ್ನು ಗಟ್ಟಿ ಮಾಡಿಟ್ಟುಕೊಳ್ಳಲು ಇದು ಒಂದು ದಾರಿ, ಅಷ್ಟೇ. ಇನ್ನೊಂದು ವಿಷಯ: ಆಂಟಿಬಯಾಟಿಕ್ ಕೊಟ್ಟ ಮೇಲೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗಿರುತ್ತವೆ. ಆಗ ಬರೀ ಪ್ರಿಬಯಾಟಿಕ್ ಹಾಕಿದರೆ ತಿನ್ನುವವರೇ ಇಲ್ಲದ ಮನೆಯಲ್ಲಿ ಎಲೆ ಹಾಕಿದ ಹಾಗೆ.

ಅಂಥ ಸಮಯದಲ್ಲಿ ಎರಡೂ ಸೇರಿಸಿ ಕೊಟ್ಟರೆ?

ಅದಕ್ಕೆ ಸಿನ್‌ಬಯಾಟಿಕ್ ಅನ್ನುತ್ತಾರೆ. ಬ್ಯಾಕ್ಟೀರಿಯಾ ಮತ್ತು ಅದರ ಊಟ ಎರಡನ್ನೂ ಒಟ್ಟಿಗೆ ಕೊಡುವುದು. ಯೋಚನೆ ಚೆನ್ನಾಗಿದೆ. ಆದರೆ ನೀವು ಕೊಡುವ ಬ್ಯಾಕ್ಟೀರಿಯಾ ನೀವು ಕೊಡುವ ಸಕ್ಕರೆಯನ್ನೇ ತಿನ್ನುತ್ತದೆ ಅಂತ ಯಾರಾದರೂ ನೋಡಿರಬೇಕು. ಸುಮ್ನೆ ಎರಡು ಡಬ್ಬಿ ತಂದು ಒಂದಕ್ಕೊಂದು ಬೆರೆಸಿದರೆ ಅದು ಎರಡು ಡಬ್ಬಿಯ ಖರ್ಚು ಮಾತ್ರ.

ನನ್ನ ಮೇವಿನಲ್ಲಿ ಸೋಯಾ ಜಾಸ್ತಿ. ಅದರಲ್ಲೂ ಇಂಥ ಸಕ್ಕರೆಗಳಿವೆ ಅಲ್ವಾ?

ಇವೆ. ರಾಫಿನೋಸ್, ಸ್ಟಾಕಿಯೋಸ್ ಅಂತ. ಅಂದರೆ ನಿಮ್ಮ ಮೀನು ಗೊತ್ತಿಲ್ಲದೆಯೇ ಬ್ಯಾಕ್ಟೀರಿಯಾದ ಊಟವನ್ನು ಆಗಲೇ ತಿನ್ನುತ್ತಿದೆ. ಆದರೆ ಸೋಯಾ ಹಿಂಡಿಯಲ್ಲಿ ಸ್ಯಾಪೊನಿನ್ ಕೂಡ ಇದೆ, ಅದು ಸಾಲ್ಮನ್‌ನ ಹಿಂಗರುಳಿನಲ್ಲಿ ಉರಿಯೂತ ತರುತ್ತದೆ. ಗೆಂಡೆಯಲ್ಲೂ ಸೋಯಾದಿಂದ ಉರಿಯೂತ ಬಂದದ್ದು ದಾಖಲಾಗಿದೆ. ಹಾಗಾಗಿ ಪ್ರಿಬಯಾಟಿಕ್ ಹಾಕುವ ಮೊದಲು ಮೂಲ ಮೇವನ್ನು ನೋಡಿ. ಕರುಳನ್ನು ಕೆಡಿಸುವ ಮೇವು ಹಾಕುತ್ತ ಅದರ ಮೇಲೆ ಒಂದು ಚಮಚ ಪ್ರಿಬಯಾಟಿಕ್ ಉದುರಿಸುವುದರಲ್ಲಿ ಅರ್ಥ ಇಲ್ಲ.

ಕರುಳು ತೆರೆದು ನೋಡಿದರೆ ಕೆಲಸ ಮಾಡಿದೆಯಾ ಇಲ್ಲವಾ ಗೊತ್ತಾಗುತ್ತದಾ?

ಬ್ಯಾಕ್ಟೀರಿಯಾ ಬದಲಾಗಿದೆಯಾ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಕರುಳಿನ ಸ್ಥಿತಿ ಸ್ವಲ್ಪ ಕಾಣುತ್ತದೆ. ಆದರೆ ಮೀನು ಆಗಷ್ಟೇ ತೆಗೆದದ್ದಾಗಿರಬೇಕು. ಸತ್ತು ತೇಲುತ್ತಿದ್ದ ಮೀನನ್ನು ಕೊಯ್ದು ನೋಡಬೇಡಿ, ಸತ್ತ ಮೇಲೆ ಕರುಳು ತನ್ನ ಕಿಣ್ವಗಳಿಂದ ತಾನೇ ಕರಗತೊಡಗುತ್ತದೆ, ಬಿಸಿ ನೀರಲ್ಲಂತೂ ಇನ್ನೂ ಬೇಗ. ತಾಜಾ ಮೀನಿನಲ್ಲಿ ಗೋಡೆ ಗಟ್ಟಿಯಾಗಿ, ಬೆರಳಲ್ಲಿ ಹಿಡಿದರೆ ಹರಿಯದೆ, ಒಳಗೆ ಮೇವು ಒತ್ತಾಗಿ ತುಂಬಿದ್ದರೆ ಒಳ್ಳೆಯದು. ಗೋಡೆ ತೆಳುವಾಗಿ ಗಾಜಿನಂತೆ ಕಂಡು, ಒಳಗೆ ಹಳದಿ ಲೋಳೆ ನೀರು ಮಾತ್ರ ಇದ್ದು, ಅಲ್ಲಲ್ಲಿ ಕೆಂಪಾಗಿದ್ದರೆ ಪ್ರಿಬಯಾಟಿಕ್ ವಿಷಯ ಬಿಡಿ, ಮೊದಲು ರೋಗದ ಪತ್ತೆ ಮಾಡಿಸಿ.

ಸಂಶೋಧನಾ ಲೇಖನ ಓದುವಾಗ ಏನು ನೋಡಬೇಕು?

ಮೊದಲು, ಬ್ಯಾಕ್ಟೀರಿಯಾವನ್ನು ಎಲ್ಲಿಂದ ತೆಗೆದರು ಅಂತ. ಕರುಳೊಳಗಿನ ಮೇವಿನ ಮುದ್ದೆಯಿಂದಲೋ, ಗೋಡೆಯ ಲೋಳೆಯಿಂದಲೋ? ಮುದ್ದೆಯಲ್ಲಿರುವವು ದಾರಿಹೋಕರು, ಬಹಳಷ್ಟು ಮೇವು ಮತ್ತು ನೀರಿನ ಜೊತೆ ಬಂದು ಹಾಗೇ ಹೋಗುವವು. ಲೋಳೆಗೆ ಅಂಟಿದವು ಕಾಯಂ ನಿವಾಸಿಗಳು. ಎರಡನ್ನೂ ಬೆರೆಸಿ ಅರೆದು "ಬ್ಯಾಕ್ಟೀರಿಯಾ ಬದಲಾಯಿತು" ಅಂದರೆ ನಾನು ಅಷ್ಟಾಗಿ ನಂಬುವುದಿಲ್ಲ.

ಎರಡನೆಯದು, ಎಣಿಸಿದ್ದು ಹೇಗೆ ಅಂತ. ಹಳೆಯ ಪ್ರಯೋಗಗಳಲ್ಲಿ ತಟ್ಟೆಯ ಮೇಲೆ ಬೆಳೆಸಿ ಎಣಿಸುತ್ತಿದ್ದರು, ತಟ್ಟೆಯಲ್ಲಿ ಬೆಳೆಯದವು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಡಿಎನ್‌ಎ ಓದುತ್ತಾರೆ. ಅದು ಸಾಮಾನ್ಯವಾಗಿ ಪಾಲನ್ನು ಹೇಳುತ್ತದೆ, ಒಟ್ಟು ಸಂಖ್ಯೆಯನ್ನಲ್ಲ. ಲ್ಯಾಕ್ಟೋಬ್ಯಾಸಿಲಸ್ ಪಾಲು ಎರಡರಷ್ಟಾಯಿತು ಅಂದರೆ ಅದೇ ಹೆಚ್ಚಿರಬಹುದು, ಇಲ್ಲವೇ ಉಳಿದವು ಕಡಿಮೆಯಾಗಿರಬಹುದು. ಇನ್ನೊಂದು, ಬ್ಯಾಕ್ಟೀರಿಯಾ ಬದಲಾದ ಮಾತ್ರಕ್ಕೆ ಮೀನಿಗೆ ಒಳ್ಳೆಯದಾಯಿತು ಅಂತ ಅಲ್ಲ. ಮೀನಿಗೇನಾಯಿತು ಅನ್ನುವ ಸಾಲು ಲೇಖನದಲ್ಲಿ ಇದೆಯಾ ಹುಡುಕಿ.

ನನ್ನಲ್ಲೇ ಪರೀಕ್ಷೆ ಮಾಡಿ ನೋಡಬೇಕು. ಹೇಗೆ?

ಕನಿಷ್ಠ ಮೂರು ಟ್ಯಾಂಕ್‌ಗೆ ಪ್ರಿಬಯಾಟಿಕ್ ಹಾಕಿ, ಇನ್ನು ಮೂರಕ್ಕೆ ಹಾಕಬೇಡಿ. ಒಂದೇ ಗುಂಪಿನ ಮರಿ, ಒಂದೇ ಮೇವು, ಒಂದೇ ಸಂಖ್ಯೆ. ಎಂಟು ವಾರ ಬಿಡಿ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ತೂಕ, ತಿಂದ ಮೇವು, ಸತ್ತ ಮೀನು ಎಲ್ಲ ಬರೆದಿಡಿ. ಯಾವ ಟ್ಯಾಂಕ್‌ಗೆ ಯಾವ ಮೇವು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ.

ಚೀಟಿ ಯಾಕೆ ಅಂತ ಹೇಳುತ್ತೇನೆ. ನನ್ನ ಮೊದಲ ಪರೀಕ್ಷೆಯಲ್ಲಿ ಓಡಾಟ ಸುಲಭವಾಗಲಿ ಅಂತ ಪ್ರಿಬಯಾಟಿಕ್ ಟ್ಯಾಂಕ್‌ಗಳನ್ನೆಲ್ಲ ಒಂದೇ ಸಾಲಲ್ಲಿ ಇಟ್ಟಿದ್ದೆ. ಆ ಮೀನುಗಳು ಎದ್ದು ಕಾಣುವಷ್ಟು ದೊಡ್ಡದಾದವು. ಖುಷಿಯೋ ಖುಷಿ. ಮುಂದಿನ ಸಲ ಮೇವು ಅದಲು ಬದಲು ಮಾಡಿದೆ. ಆಗಲೂ ಅದೇ ಸಾಲಿನ ಮೀನುಗಳೇ ದೊಡ್ಡದಾದವು! ಹೊಸ ನೀರು ಬರುವ ಪೈಪ್ ಆ ಸಾಲಿನ ತಲೆಗೇ ಇತ್ತು.

ಇದನ್ನು ತಿಂದು ಬೆಳೆದ ಮೀನನ್ನು ನಾವು ತಿನ್ನಬಹುದಾ?

ತಿನ್ನಬಹುದು. ಇನ್ಯುಲಿನ್, ಯೀಸ್ಟ್ ಎಲ್ಲ ಮನುಷ್ಯರೂ ತಿನ್ನುವ ಪದಾರ್ಥಗಳೇ. ಅವು ಮಾಂಸಕ್ಕೆ ಸೇರುವುದೂ ಇಲ್ಲ, ಕರುಳಲ್ಲೇ ಅವುಗಳ ಕಥೆ ಮುಗಿಯುತ್ತದೆ. ಆ ಕರುಳನ್ನು ಹೇಗೂ ತೆಗೆದು ಎಸೆಯುತ್ತೀರಲ್ಲ.